ನಕ್ತವೆಂದರೆ ತಡರಾತ್ರಿಯ ಊಟವೇ?

ಆಚಾರ–ವಿಚಾರ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 47 ವರ್ಷ. ಮದುವೆಯಾಗಿ ಬಂದಾಗಿನಿಂದ ಸೋಮವಾರದ ನಕ್ತ ಮಾಡಿಕೊಂಡು ಬಂದಿದ್ದೇನೆ. ಹಗಲೆಲ್ಲ ಊಟವಿಲ್ಲ, ರಾತ್ರಿ ಶಿವಪೂಜೆಯಾದ ಮೇಲೆ ಒಂದೇ ಊಟ. ಮನೆಯವರು ಆಫೀಸಿನಿಂದ ಬರುವಾಗ ಒಂಬತ್ತೂವರೆ, ಒಂಬತ್ತೂಮುಕ್ಕಾಲು ಆಗುತ್ತೆ. ಅವರು ಉಣ್ಣದೆ ನಾನು ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಸೋಮವಾರ ಮಾತ್ರವಲ್ಲ, ದಿನವೂ ನನ್ನ ಊಟ ಹತ್ತು ಗಂಟೆಗೆ. 74 ವರ್ಷದ ಅತ್ತೆಯವರೂ ಮಗ ಬರಲಿ ಅಂತ ಕಾಯ್ತಾರೆ. ಈಚೆಗೆ ಡಾಕ್ಟರು, ಸಕ್ಕರೆ ಅಂಚಿನಲ್ಲಿದೆ, ಏಳೆಂಟು ಕೆ.ಜಿ. ಇಳಿಸಲೇಬೇಕು ಅಂದಿದ್ದಾರೆ. ಯೋಗ ಕ್ಲಾಸಿನ ಟೀಚರು, ಏಳು ಗಂಟೆಯ ಮೇಲೆ ತಿಂದದ್ದೆಲ್ಲ ಕೊಬ್ಬಾಗುತ್ತೆ ಅಂತಾರೆ. ಅತ್ತೆಯವರು, ಹಗಲಲ್ಲಿ ಉಂಡರೆ ನಕ್ತವೇ ಕೆಟ್ಟ ಹಾಗೆ ಅಂತಾರೆ. ಇಷ್ಟು ವರ್ಷ ಉಪವಾಸ ಮಾಡಿದರೂ ತೂಕ ಏರಿದೆಯೇ ಹೊರತು ಇಳಿದಿಲ್ಲ. ನಾನು ಯಾರ ಮಾತು ಕೇಳಲಿ? ವ್ರತದಲ್ಲಿ ತೂಕದ ಲೆಕ್ಕ ಹಾಕೋದು ತಪ್ಪಾ? ಇನ್ನೊಂದು, ಬೆಳಗಿನ ಬಿ.ಪಿ. ಮಾತ್ರೆಯನ್ನು ಸೋಮವಾರ ಪೂಜೆಯಾಗುವ ತನಕ ತಗೊಳ್ಳೋದಿಲ್ಲ. ಅದು ಸರಿಯೇ?
– ಒಬ್ಬ ಗೃಹಿಣಿ, ಬಸವೇಶ್ವರನಗರ, ಬೆಂಗಳೂರು

ಉತ್ತರ: ತಾಯಿ, ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಾತ್ರೆಯನ್ನು ಡಾಕ್ಟರು ಹೇಳಿದ ಹೊತ್ತಿಗೇ ತೆಗೆದುಕೊಳ್ಳಿ, ಸೋಮವಾರವೂ. ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ನಮ್ಮ ಹಿರಿಯರು ಎಣಿಸಿಟ್ಟಿದ್ದಾರೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಮಾತ್ರೆಯೂ ಅದನ್ನು ನುಂಗುವ ನೀರೂ ಎರಡೂ ಈ ಪಟ್ಟಿಯಲ್ಲೇ ಇವೆ. ಮಹಾಭಾರತದ ಕಾಲದಿಂದ ನಡೆದು ಬಂದ ಮಾತಿದು, ಈ ಕಾಲಕ್ಕೆಂದು ನಾವು ಮಾಡಿಕೊಂಡ ರಿಯಾಯಿತಿ ಅಲ್ಲ. ಇದರಲ್ಲಿ ಅನುಮಾನವೇ ಬೇಡ.

ಇನ್ನು ಉಳಿದ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ನಕ್ತದ ಹೊತ್ತು ಯಾವುದು?

ಒಂದು ಹೊತ್ತು ಉಣ್ಣುವ ವ್ರತಗಳಲ್ಲಿ ಎರಡು ಬಗೆ ಮುಖ್ಯ. ಮಧ್ಯಾಹ್ನ ಒಮ್ಮೆ ಉಂಡು ರಾತ್ರಿ ಬಿಡುವುದು ಏಕಭುಕ್ತ. ಹಗಲು ಬಿಟ್ಟು ರಾತ್ರಿ ಒಮ್ಮೆ ಉಣ್ಣುವುದು ನಕ್ತ. ನಮ್ಮ ಮನೆಗಳಲ್ಲಿ ಎರಡನ್ನೂ ಸೇರಿಸಿ ಒಪ್ಪತ್ತು ಅಂದುಬಿಡ್ತೇವೆ. ಹಗಲಲ್ಲಿ ಉಂಡರೆ ಅದು ನಕ್ತವಾಗದು ಎಂದು ನಿಮ್ಮ ಅತ್ತೆಯವರು ಹೇಳಿದ್ದು ಗೃಹಸ್ಥರ ಮಟ್ಟಿಗೆ ಸರಿ. ಹಗಲಿರುವಾಗಲೇ, ದಿನದ ಕೊನೆಯ ಭಾಗದಲ್ಲಿ ಮಾಡುವ ನಕ್ತವೂ ಇದೆ, ಆದರೆ ಅದು ಯತಿಗಳು ಮೊದಲಾದವರಿಗೆ. ಗೃಹಸ್ಥನದು ನಕ್ಷತ್ರ ಕಂಡ ಮೇಲಿನ ಊಟ.

ಆದರೆ ‘ರಾತ್ರಿ’ ಅಂದರೆ ಎಷ್ಟು ಹೊತ್ತಿಗಾದರೂ ಆದೀತು ಎಂದು ಅರ್ಥವಲ್ಲ. ಗೋಜಲು ಆಗಿರೋದು ಇಲ್ಲೇ. ಕಾಶೀನಾಥ ಉಪಾಧ್ಯಾಯರ ‘ಧರ್ಮಸಿಂಧು’ವಿನಂತಹ ನಿರ್ಣಯಗ್ರಂಥಗಳ ಪ್ರಕಾರ ನಕ್ತಕ್ಕೆ ಪ್ರದೋಷಕಾಲ ಮುಖ್ಯ. ಸೂರ್ಯಾಸ್ತದ ನಂತರದ ಮೂರು ಮುಹೂರ್ತ, ಅಂದರೆ ಆರು ಘಳಿಗೆ, ಪ್ರದೋಷ. ಅದರಲ್ಲಿ ಮೊದಲ ಮೂರು ಘಳಿಗೆ ಸಂಧ್ಯಾಕಾಲ. ಆಗ ಊಟ, ನಿದ್ರೆ, ವೇದಾಧ್ಯಯನ, ದಾಂಪತ್ಯ ನಿಷಿದ್ಧ. ದೀಪ ಹಚ್ಚೋ ಹೊತ್ತಲ್ಲಿ ತಿನ್ನಬೇಡ, ಮಲಗಬೇಡ ಅಂತ ಅಜ್ಜಿಯರು ಗದರುತ್ತಿದ್ದದ್ದು ಇದಕ್ಕೇ. ಆ ಮೂರು ಘಳಿಗೆ ಕಳೆದ ಮೇಲೆ ಉಳಿಯುವ ಮೂರು ಘಳಿಗೆ ನಕ್ತದ ಊಟಕ್ಕೆ ಪ್ರಶಸ್ತ.

ಒಂದು ಘಳಿಗೆಗೆ 24 ನಿಮಿಷ. ಗಡಿಯಾರಕ್ಕೆ ತಂದು ನೋಡಿ. ಶ್ರಾವಣದಲ್ಲಿ ಬೆಂಗಳೂರಿನ ಸೂರ್ಯಾಸ್ತ ಸುಮಾರು 6.40. ಅದಕ್ಕೆ 72 ನಿಮಿಷ ಸೇರಿಸಿದರೆ 7.52, ಇನ್ನೂ 72 ನಿಮಿಷ ಸೇರಿಸಿದರೆ 9.04. ಕಾರ್ತಿಕ ಸೋಮವಾರಗಳಲ್ಲಿ ಸೂರ್ಯಾಸ್ತ 5.55ರ ಆಸುಪಾಸು. ಆಗ ಊಟದ ಹೊತ್ತು ಸುಮಾರು 7.07ರಿಂದ 8.19. ನಿಮ್ಮ ಮನೆಯ ಪಂಚಾಂಗದಲ್ಲಿ ಸೂರ್ಯಾಸ್ತ ನೋಡಿ ಆಯಾ ದಿನದ ಲೆಕ್ಕ ಹಾಕಿಕೊಳ್ಳಬಹುದು. ಹತ್ತು ಗಂಟೆಯ ಊಟ ಯಾವ ತಿಂಗಳಲ್ಲೂ ಈ ಹೊತ್ತಿನೊಳಗೆ ಬರುವುದಿಲ್ಲ. ಅಂದರೆ ನೀವು ಆದಷ್ಟು ಶಾಸ್ತ್ರೋಕ್ತವಾಗಿ ಮಾಡಬೇಕೆಂದರೂ ಎಂಟು, ಎಂಟೂವರೆಗೆ ಊಟ ಮುಗಿಸುವುದೇ ಲೇಸು.

ತಡವಾಗಿ ಉಂಡರೆ ತೂಕ ಇಳಿಯುವುದಿಲ್ಲವೇ?

ಏಳು ಗಂಟೆಯ ಮೇಲೆ ತಿಂದದ್ದೆಲ್ಲ ಕೊಬ್ಬಾಗುತ್ತೆ ಅನ್ನೋದು ಅತಿಯಾಯಿತು. ತೂಕದ ವಿಷಯದಲ್ಲಿ ಮೊದಲ ಲೆಕ್ಕ ಇಡೀ ದಿನದಲ್ಲಿ ಎಷ್ಟು ತಿಂದೆವು, ಎಷ್ಟು ಖರ್ಚು ಮಾಡಿದೆವು ಎನ್ನುವುದು. ಹೊತ್ತಿನ ಲೆಕ್ಕ ಎರಡನೆಯದು. ಎರಡನೆಯದು ಎಂದ ಮಾತ್ರಕ್ಕೆ ಅದು ಏನೂ ಅಲ್ಲ ಅಂತಲ್ಲ.

ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸ್ಪೇನ್ ದೇಶದಲ್ಲಿ ತೂಕ ಇಳಿಸಲು ಚಿಕಿತ್ಸೆ ಪಡೆಯುತ್ತಿದ್ದ 420 ಜನರನ್ನು 20 ವಾರ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನದ್ದು. ಅದನ್ನು ಮೂರು ಗಂಟೆಯ ನಂತರ ಮಾಡುತ್ತಿದ್ದವರ ತೂಕ, ಬೇಗ ಉಣ್ಣುತ್ತಿದ್ದವರಿಗಿಂತ ಕಡಿಮೆ ಇಳಿದಿತ್ತು. ಅಮೆರಿಕದ ಬಾಸ್ಟನ್ನಿನಲ್ಲಿ 16 ಜನರಿಗೆ ಅದೇ ಆಹಾರವನ್ನು ಒಮ್ಮೆ ಬೇಗ, ಇನ್ನೊಮ್ಮೆ ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟು ನೋಡಿದರು. ತಡವಾಗಿ ತಿಂದಾಗ ಹಸಿವು ಹೆಚ್ಚಾಯಿತು, ಎಚ್ಚರವಿರುವಾಗ ದೇಹ ಖರ್ಚು ಮಾಡುವ ಶಕ್ತಿ ಸ್ವಲ್ಪ ತಗ್ಗಿತು. ಇದು ಪ್ರಕಟವಾದದ್ದು 2022ರಲ್ಲಿ. ಅದೇ ವರ್ಷ ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಬಂದ ಇನ್ನೊಂದು ಅಧ್ಯಯನದಲ್ಲಿ 30 ಜನ ನಾಲ್ಕು ವಾರ ಬೆಳಿಗ್ಗೆ ಹೆಚ್ಚು, ರಾತ್ರಿ ಕಡಿಮೆ ತಿಂದರು, ಇನ್ನು ನಾಲ್ಕು ವಾರ ಅದರ ತಿರುವುಮುರುವು. ಒಟ್ಟು ಆಹಾರ ಅಳತೆಯದೇ. ಎರಡರಲ್ಲೂ ತೂಕ ಇಳಿದದ್ದು ಒಂದೇ, ಮೂರು ಕೆ.ಜಿ. ಚಿಲ್ಲರೆ. ಆದರೆ ಬೆಳಿಗ್ಗೆ ಹೆಚ್ಚು ತಿಂದಾಗ ದಿನವಿಡೀ ಹಸಿವಿನ ಕಾಟ ಕಡಿಮೆಯಿತ್ತು.

ಇದರ ಸಾರ ಇಷ್ಟು: ತಟ್ಟೆಯನ್ನು ಬೇರೆಯವರು ಅಳೆದು ಕೊಟ್ಟರೆ ಹೊತ್ತಿನಿಂದ ದೊಡ್ಡ ವ್ಯತ್ಯಾಸವಾಗದೇ ಇರಬಹುದು. ಮನೆಯಲ್ಲಿ ನಮಗೆ ಯಾರು ಅಳೆದು ಕೊಡ್ತಾರೆ? ಹಸಿದು ಹಸಿದು ಹತ್ತು ಗಂಟೆಗೆ ಕೂತರೆ ಕೈ ತಡೆಯುವುದಿಲ್ಲ. ಅದಕ್ಕೂ ಮೊದಲು, ಕಾಯುತ್ತಾ ಕೂತಾಗ ಬಾಯಿಗೆ ಹೋಗುವ ಚಕ್ಕುಲಿ, ಖಾರಾಬೂಂದಿ, ಎರಡನೇ ಲೋಟ ಕಾಫಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಉಂಡು ಅರ್ಧ ಗಂಟೆಯಲ್ಲಿ ಮಲಗಿದರೆ ಹುಳಿತೇಗು, ನಿದ್ದೆಗೇಡು. ನಿದ್ದೆ ಕೆಟ್ಟ ಮರುದಿನ ಹಸಿವು ಇನ್ನೂ ಜಾಸ್ತಿ. ಸಕ್ಕರೆ ಅಂಚಿನಲ್ಲಿರುವವರಿಗೆ ಇನ್ನೊಂದು ಮಾತು: ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ದೇಹಕ್ಕೆ ಬೆಳಿಗ್ಗೆ ಇದ್ದಷ್ಟು ರಾತ್ರಿ ಇರುವುದಿಲ್ಲ.

ಉಪವಾಸ ಮಾಡಿದರೂ ತೂಕ ಏಕೆ ಏರಿತು?

ಇಲ್ಲಿ ನಮ್ಮ ಫಲಾಹಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಣ್ಣಿನ ಆಹಾರ ಎಂಬ ಅರ್ಥದ ಮಾತು ನಮ್ಮ ಮನೆಗಳಲ್ಲಿ ಪಳಾರವಾಗಿ, ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಸಬ್ಬಕ್ಕಿ ಖಿಚಡಿ, ಮೇಲೊಂದು ಕೇಸರಿಬಾತು ಆಗಿದೆ. ಸಬ್ಬಕ್ಕಿ ಹೆಚ್ಚುಕಡಿಮೆ ಬರೀ ಪಿಷ್ಟ. 100 ಗ್ರಾಂನಲ್ಲಿ ಸುಮಾರು 350 ಕ್ಯಾಲೊರಿ. ಕಡಲೆಕಾಯಿ ಬೀಜ 100 ಗ್ರಾಂಗೆ 550 ದಾಟುತ್ತದೆ. ಒಗ್ಗರಣೆಗೆ ಹಾಕುವ ಎಣ್ಣೆ ಒಂದು ದೊಡ್ಡ ಚಮಚಕ್ಕೆ ಸುಮಾರು 120. ಅನ್ನ ಬಿಟ್ಟೆವು ಎಂಬ ಸಮಾಧಾನದಲ್ಲಿ ಅನ್ನಕ್ಕಿಂತ ಹೆಚ್ಚು ತಿಂದಿರುತ್ತೇವೆ. ಒಪ್ಪತ್ತು ಉಂಡವ ಯೋಗಿ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಆದರೆ ಆ ಒಪ್ಪತ್ತಿನಲ್ಲೇ ಮೂರು ಹೊತ್ತಿನದನ್ನು ಉಂಡರೆ ಗಾದೆ ಏನು ಮಾಡೀತು?

ಗೀತೆಯ ಆರನೆಯ ಅಧ್ಯಾಯದಲ್ಲಿ ಕೃಷ್ಣನು ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ ಎಂದಿದ್ದಾನೆ. ನಿದ್ದೆ, ಎಚ್ಚರಗಳಿಗೂ ಇದೇ ಮಾತು. ವಾಗ್ಭಟನ ‘ಅಷ್ಟಾಂಗಹೃದಯ’ ಅಳತೆಯನ್ನೇ ಕೊಡುತ್ತದೆ: ಹೊಟ್ಟೆಯನ್ನು ನಾಲ್ಕು ಪಾಲು ಮಾಡಿದರೆ ಎರಡು ಪಾಲು ಅನ್ನಕ್ಕೆ, ಒಂದು ಪಾಲು ದ್ರವಕ್ಕೆ, ಒಂದು ಪಾಲು ಖಾಲಿ. ನಕ್ತದ ಊಟಕ್ಕೂ ಇದೇ ಅಳತೆ. ಹಗಲು ಬಿಟ್ಟದ್ದನ್ನು ರಾತ್ರಿ ಬಡ್ಡಿ ಸಮೇತ ವಸೂಲಿ ಮಾಡುವುದು ವ್ರತವಲ್ಲ.

ವ್ರತದಲ್ಲಿ ತೂಕದ ಯೋಚನೆ ತಪ್ಪೇ ಅಂತ ಕೇಳಿದ್ದೀರಿ. ಪ್ರತಿ ಪೂಜೆಯ ಸಂಕಲ್ಪದಲ್ಲೂ ಆಯುರಾರೋಗ್ಯವನ್ನು ಬೇಡಿಯೇ ಬೇಡುತ್ತೇವೆ. ಬಾಯಲ್ಲಿ ಬೇಡಿ ಕೈಯಾರೆ ಕೆಡಿಸಿಕೊಳ್ಳುವುದು ತಪ್ಪು. ಆರೋಗ್ಯ ಬಯಸುವುದು ಖಂಡಿತ ತಪ್ಪಲ್ಲ. ಆದರೆ ಬರೀ ತೂಕಕ್ಕಾಗಿ ಇನ್ನೂ ನಾಲ್ಕು ದಿನ ಉಪವಾಸ ಸೇರಿಸಿಕೊಂಡು ಅದಕ್ಕೆ ದೇವರ ಹೆಸರಿಡಬೇಡಿ. ವಾರಕ್ಕೆ ಒಂದು ದಿನದ ನಕ್ತದಿಂದ ಏಳೆಂಟು ಕೆ.ಜಿ. ಇಳಿಯುವುದಿಲ್ಲ. ಅದು ಇಳಿಯಬೇಕಾದದ್ದು ಉಳಿದ ಆರು ದಿನದ ಊಟದಲ್ಲಿ.

ಮನೆಯವರಿಗಿಂತ ಮೊದಲು ಉಣ್ಣಬಹುದೇ?

ನಿಮ್ಮನ್ನು ನಿಜವಾಗಿ ಕಟ್ಟಿಹಾಕಿರುವುದು ಇದೇ ಅಂತ ನನಗೆ ಅನ್ನಿಸಿತು. ಗಂಡ ಉಂಡ ಮೇಲೆ ಹೆಂಡತಿ ಉಣ್ಣಬೇಕು ಎಂಬ ಮಾತು ನಮ್ಮ ಗ್ರಂಥಗಳಲ್ಲಿ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ. ಅದರ ಜೊತೆಗೆ ಇನ್ನೊಂದೂ ಇದೆ. ಮನುಸ್ಮೃತಿಯ ಮೂರನೆಯ ಅಧ್ಯಾಯ ಗೃಹಸ್ಥನ ಮನೆಯಲ್ಲಿ ಯಾರು ಯಾವ ಕ್ರಮದಲ್ಲಿ ಉಣ್ಣಬೇಕು ಅಂತ ಹೇಳುವಾಗ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು, ಬಾಲೆಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಳಿಗಿಂತಲೂ ಮೊದಲೇ, ಎರಡನೇ ಯೋಚನೆ ಮಾಡದೆ ಬಡಿಸಬೇಕು ಎನ್ನುತ್ತದೆ. ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವವರು ಗಂಡ ಹೆಂಡತಿ ಇಬ್ಬರೂ. ದೇವರ ಸಮಾನನಾದ ಅತಿಥಿಗಿಂತ ಮೊದಲೇ ರೋಗಿಗೆ ಬಡಿಸು ಎಂದಿರುವಾಗ, ಡಾಕ್ಟರು ಎಚ್ಚರಿಕೆ ಕೊಟ್ಟಿರುವ ನೀವು ಯಜಮಾನರಿಗಿಂತ ಮೊದಲು ಉಂಡರೆ ಯಾವ ದೋಷವೂ ಇಲ್ಲ. 74ರ ಹಿರಿಯರು ಹತ್ತು ಗಂಟೆಯ ತನಕ ಕಾಯುವುದಂತೂ ಬೇಡವೇ ಬೇಡ.

ಇದನ್ನು ಅತ್ತೆಯವರ ಜೊತೆ ವಾದ ಮಾಡಿ ಗೆಲ್ಲಬೇಕಾದದ್ದಿಲ್ಲ. ಘಳಿಗೆಯ ಲೆಕ್ಕವನ್ನು ಪಂಚಾಂಗ ಹಿಡಿದು ಅವರಿಗೇ ತೋರಿಸಿ. “ಅಮ್ಮಾ, ನಕ್ತದ ಹೊತ್ತು ಮೀರ್ತಾ ಇದೆ, ಬನ್ನಿ, ನಾವಿಬ್ಬರೂ ಪ್ರಸಾದ ತಗೊಳ್ಳೋಣ” ಅಂತ ಮೊದಲ ತಟ್ಟೆ ಅವರಿಗೇ ಹಾಕಿ.

ಹೇಗೆ ಮಾಡಬೇಕು?

ಸೋಮವಾರ ಬೆಳಿಗ್ಗೆ ಸ್ನಾನ, ಸಂಕಲ್ಪ, ಮಾತ್ರೆ. ಹಗಲಲ್ಲಿ ನೀರು ಧಾರಾಳ. ತಡೆಯದಿದ್ದರೆ ಒಂದು ಹಣ್ಣು ಅಥವಾ ಒಂದು ಲೋಟ ಹಾಲು, ಅದರಿಂದ ವ್ರತ ಕೆಡದು ಎಂದು ಆಗಲೇ ಹೇಳಿದೆ. ದೀಪ ಹಚ್ಚುವ ಮೊದಲೇ ಅಡುಗೆ ಮುಗಿಸಿ. ಸಂಧ್ಯಾಕಾಲದಲ್ಲಿ ದೀಪ, ಪೂಜೆ, ನೈವೇದ್ಯ. ಎಂಟರ ಸುಮಾರಿಗೆ ಊಟ: ಒಂದು ಬಟ್ಟಲು ಅನ್ನ, ಬೇಳೆ ಹಾಕಿದ ಸಾರು, ಎರಡು ಪಾಲು ಪಲ್ಯ, ಮಜ್ಜಿಗೆ. ಯಜಮಾನರ ಪಾಲು ಮುಚ್ಚಿಡಿ. ಅವರು ಬಂದಾಗ ಬಿಸಿ ಮಾಡಿ ಬಡಿಸಿ, ಪಕ್ಕದಲ್ಲಿ ಕೂತು ಮಾತಾಡಿ. ಜೊತೆಗೆ ಕೂರಲು ನಿಮಗೂ ಒಂದು ತಟ್ಟೆ ಬೇಕಿಲ್ಲ.

ಉಳಿದ ದಿನಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಉಂಡರೂ ಅಡ್ಡಿಯಿಲ್ಲ. ನಮ್ಮ ನಾಡಿನ ಜೈನರ ಮನೆಗಳಲ್ಲಿ ಅಹಿಂಸೆಯ ಕಾರಣಕ್ಕೆ ರಾತ್ರಿಭೋಜನ ಬಿಡುವ ಪದ್ಧತಿ ಇಂದಿಗೂ ಇದೆ. ಅದಾಗದಿದ್ದರೆ ಸಂಧ್ಯೆ ಕಳೆದು ಎಂಟಕ್ಕೆ. ದೊಡ್ಡ ಊಟ ಮಧ್ಯಾಹ್ನಕ್ಕಿರಲಿ, ರಾತ್ರಿ ಹಗುರವಾಗಿರಲಿ, ಮಲಗಲು ಎರಡು ಮೂರು ಗಂಟೆ ಬಾಕಿಯಿರಲಿ. ಊಟವಾದ ಮೇಲೆ ಕಾಲು ಗಂಟೆ ಮನೆಯ ಮುಂದೆ ನಡೆದಾಡಿ. ತಡವಾಗಿ ಬರುವ ಯಜಮಾನರಿಗೂ ಸಂಜೆ ಏಳಕ್ಕೆ ಆಫೀಸಿನಲ್ಲೇ ತಿನ್ನಲು ಎರಡು ಚಪಾತಿ ಪಲ್ಯ ಡಬ್ಬಿಗೆ ಹಾಕಿಕೊಡಿ. ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ ಸಾಕಾದೀತು.

ಇದನ್ನು ಓದುವ ಇತರರಿಗೂ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ. ಸಕ್ಕರೆ ಒಮ್ಮೆಲೇ ಇಳಿದರೆ ಪ್ರಾಣಕ್ಕೇ ಅಪಾಯ. ಏಕಾದಶಿಯ ಕಟ್ಟುನಿಟ್ಟಿನ ಉಪವಾಸದಿಂದಲೇ ಎಂಟು ವರ್ಷದೊಳಗಿನ ಮಕ್ಕಳನ್ನೂ 80 ದಾಟಿದವರನ್ನೂ ಶಾಸ್ತ್ರ ಬಿಟ್ಟಿದೆ. ಶಕ್ತಿಯಿಲ್ಲದವರಿಗೆ ಹಾಲು, ಹಣ್ಣು, ಹವಿಷ್ಯಾನ್ನ, ನಕ್ತ ಎಂದು ಒಂದೊಂದೇ ಮೆಟ್ಟಿಲು ಇಳಿಸಿಕೊಟ್ಟಿದೆ. ತಾಯಿ, ನೀವೂ ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಸೋಮವಾರದ ನಕ್ತದ ವಿಷಯ ಮುಚ್ಚಿಡದೆ ಹೇಳಿ. ಅವರು ಹಗಲಿಡೀ ಖಾಲಿ ಹೊಟ್ಟೆ ಬೇಡವೆಂದರೆ ಹಾಲು ಹಣ್ಣು ಇಟ್ಟುಕೊಂಡು ಮಾಡಿ. ವ್ರತ ಮುರಿಯಿತೆಂದು ಕೊರಗಬೇಡಿ. ಪರಮೇಶ್ವರನು ನಿಮಗೂ ನಿಮ್ಮ ಮನೆಯವರಿಗೂ ಆರೋಗ್ಯ ಕೊಡಲಿ.