ಬೇಸ್ ಗಿಟಾರಿಗೆ ಅಗ್ಗದ ಆಂಪ್ಲಿಫೈಯರ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಸಾಂತಾಕ್ರೂಜ್, ವಾಕೋಲಾ, ಕಲಿನಾ ಭಾಗಗಳಲ್ಲಿ ನೆಲೆಸಿರುವ ನಮ್ಮ ತರುಣರಲ್ಲಿ ಸಂಗೀತದ ಹವ್ಯಾಸವುಳ್ಳವರು ಅನೇಕರಿದ್ದಾರೆ. ಹಗಲೆಲ್ಲ ಹೋಟೆಲು, ಆಫೀಸುಗಳಲ್ಲಿ ದುಡಿದು ಸಂಜೆ ವಾದ್ಯ ಹಿಡಿಯುವ ಇವರಲ್ಲಿ ಕೆಲವರು ನಾಲ್ಕು ತಂತಿಯ ಬೇಸ್ ಗಿಟಾರನ್ನು ಆರಿಸಿಕೊಳ್ಳುತ್ತಾರೆ. ವಾದ್ಯವನ್ನು ಹೇಗೋ ಹೊಂದಿಸಿಕೊಂಡರೂ, ಅದರ ಧ್ವನಿಯನ್ನು ಹೊರಡಿಸುವ ಪೆಟ್ಟಿಗೆಯನ್ನು ಕೊಳ್ಳುವಾಗ ತೊಡಕು ಹುಟ್ಟುತ್ತದೆ. ಊರಿಗೆ ಕಳುಹಿಸಿ, ಖೋಲಿಯ ಬಾಡಿಗೆ ತೆತ್ತು, ಉಳಿಸಿದ ಹಣವದು. ಅದು ವ್ಯರ್ಥವಾಗದಿರಲೆಂದು ಈ ಪಾಠವನ್ನು ಬರೆದಿದ್ದೇವೆ. ನಾವು ಮಾತನಾಡುವುದು 'ಕಾಂಬೋ' ಎಂಬ ಜಾತಿಯ ಆಂಪ್ಲಿಫೈಯರಿನ ವಿಷಯ. ಧ್ವನಿಯನ್ನು ಹೆಚ್ಚಿಸುವ ಯಂತ್ರವೂ ಸ್ಪೀಕರೂ ಇದರಲ್ಲಿ ಒಂದೇ ಪೆಟ್ಟಿಗೆಯೊಳಗೆ ಇರುತ್ತವೆ.

ಮಂದ್ರಸ್ವರದ ಗುಣ

ಹಿಂದೆ ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ಮಂದ್ರಸ್ವರಕ್ಕಾಗಿ ಆಳೆತ್ತರದ ಡಬಲ್ ಬೇಸ್ ಇರುತ್ತಿತ್ತು. ಅದನ್ನು ಹೊತ್ತು ತಿರುಗುವುದು ಕಷ್ಟ. ಡ್ರಮ್ಮು, ತುತ್ತೂರಿಗಳ ನಡುವೆ ಅದರ ಸ್ವರ ಕೇಳುವುದೂ ಕಷ್ಟ. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೋ ಫೆಂಡರ್ ಎಂಬವರು ಹೆಗಲಿಗೆ ತೂಗುಹಾಕಬಹುದಾದ 'ಪ್ರಿಸಿಷನ್ ಬೇಸ್' ಎಂಬ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಅದರ ಬೆನ್ನಿಗೇ 1952ರಲ್ಲಿ 15 ಅಂಗುಲದ ಒಂದು ಸ್ಪೀಕರುಳ್ಳ 'ಬೇಸ್‌ಮನ್' ಆಂಪ್ಲಿಫೈಯರನ್ನೂ ತಂದರು. ವಾದ್ಯ ಮಾಡಿದವರೇ ಅದಕ್ಕೆಂದು ಪ್ರತ್ಯೇಕ ಪೆಟ್ಟಿಗೆಯನ್ನೂ ಮಾಡಬೇಕಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಕಾರಣ ಸರಳವಾಗಿದೆ. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಅಷ್ಟೇ ಜೋರಾಗಿ ಕೇಳಬೇಕಾದರೆ ಸ್ಪೀಕರಿನ ಕಾಗದದ ಹಾಳೆ ನಾಲ್ಕರಷ್ಟು ದೂರ ಹಿಂದೆಮುಂದೆ ಚಲಿಸಬೇಕು. ಮೇಲಾಗಿ, ಮಂದ್ರಸ್ವರಕ್ಕೆ ನಮ್ಮ ಕಿವಿಯೇ ಮಂದ. ಆದ್ದರಿಂದ ಸಾಮಾನ್ಯ ಗಿಟಾರಿನ ಪುಟ್ಟ ಪೆಟ್ಟಿಗೆಗೆ ಬೇಸ್ ಗಿಟಾರನ್ನು ಜೋಡಿಸಿ ಜೋರಾಗಿ ನುಡಿಸಿದರೆ ಸ್ಪೀಕರ್ ಹರಿದೀತು. ಮೆಲ್ಲಗೆ ನುಡಿಸುವುದಕ್ಕೆ ಅಡ್ಡಿಯಿಲ್ಲ.

ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಶಂಕರ್ ನಾಗ್ ಅವರ 1981ರ 'ಗೀತಾ' ಚಿತ್ರಕ್ಕೆ ಇಳಯರಾಜರು ಸಂಗೀತ ನೀಡಿದರು. ಅದರ ಒಂದು ಹಾಡನ್ನು ಮೊದಲು ಮೊಬೈಲಿನ ಸ್ವಂತ ಸ್ಪೀಕರಿನಲ್ಲಿ, ಅನಂತರ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿರಿ. ಮೊದಲ ಸಲ ಮಾಯವಾಗಿದ್ದ ಬೇಸ್ ಗಿಟಾರಿನ ನಡೆ ಎರಡನೆಯ ಸಲ ಸ್ಪಷ್ಟವಾಗುತ್ತದೆ. ಸಾಂತಾಕ್ರೂಜ್‌ನಲ್ಲೇ ವಾಸವಾಗಿದ್ದ ಆರ್. ಡಿ. ಬರ್ಮನ್ (1939–1994) ಅವರ ಹಾಡುಗಳನ್ನೂ ಹೀಗೆಯೇ ಕೇಳಿ ನೋಡಬಹುದು.

ಎಷ್ಟು ವ್ಯಾಟ್ ಬೇಕು?

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ವ್ಯಾಟ್. 50 ವ್ಯಾಟಿನದಕ್ಕಿಂತ 100 ವ್ಯಾಟಿನದು ಎರಡರಷ್ಟು ಜೋರೆಂದು ಭಾವಿಸುವುದು ಸಹಜ. ಆದರೆ ಅದು ಸರಿಯಲ್ಲ. ಶಕ್ತಿ ಇಮ್ಮಡಿಯಾದರೆ ಧ್ವನಿ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಸ್ವಲ್ಪವೇ ಹೆಚ್ಚೆನಿಸುತ್ತದೆ. ಎರಡರಷ್ಟು ಜೋರೆನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ಶಕ್ತಿ ಬೇಕು. ಆದ್ದರಿಂದ ವ್ಯಾಟನ್ನು ಮಾತ್ರ ನೋಡದೆ ಸ್ಪೀಕರಿನ ಅಗಲವನ್ನೂ ಪೆಟ್ಟಿಗೆಯ ಗಟ್ಟಿತನವನ್ನೂ ನೋಡತಕ್ಕದ್ದು.

ನಮ್ಮ ಸಲಹೆ ಹೀಗಿದೆ. ಖೋಲಿಯಲ್ಲಿ ಅಭ್ಯಾಸಕ್ಕೆ 10ರಿಂದ 20 ವ್ಯಾಟ್, 8 ಅಂಗುಲದ ಸ್ಪೀಕರ್ ಸಾಕು. ಹಾರ್ಮೋನಿಯಂ, ಸಾದಾ ಗಿಟಾರ್, ನಾಲ್ಕು ಕಂಠಗಳ ಜೊತೆ ನುಡಿಸುವವರಿಗೆ 30ರಿಂದ 50 ವ್ಯಾಟ್, 10 ಅಂಗುಲದ್ದು ಒಪ್ಪುತ್ತದೆ. ಡ್ರಮ್ ಸೆಟ್ಟಿನೊಡನೆ ಸಭಾಂಗಣದಲ್ಲಿ ನುಡಿಸುವುದಾದರೆ ಇದು ಸಾಲದು. ಆದರೆ ಅದಕ್ಕಾಗಿ ದೊಡ್ಡದನ್ನೇ ಕೊಳ್ಳಬೇಕೆಂದಿಲ್ಲ. ಪೆಟ್ಟಿಗೆಯ ಹಿಂಬದಿಯಲ್ಲಿ 'ಡಿ.ಐ. ಔಟ್' ಅಥವಾ 'ಲೈನ್ ಔಟ್' ಎಂಬ ಕಿಂಡಿ ಇದ್ದರೆ, ಅಲ್ಲಿಂದ ತಂತಿ ಎಳೆದು ಸಭಾಂಗಣದ ಮಿಕ್ಸರಿಗೆ ಕೊಡಬಹುದು. ಸಭಿಕರಿಗೆ ಕೇಳಿಸುವ ಕೆಲಸ ಸಭಾಂಗಣದ ದೊಡ್ಡ ಸ್ಪೀಕರುಗಳದು. ನಿಮ್ಮ ಪೆಟ್ಟಿಗೆ ನಿಮಗೆ ಕೇಳಿಸಿದರೆ ಸಾಕು. ಹೆಚ್ಚಿನ ವ್ಯಾಟಿಗೆ ಕೊಡುವ ಹಣಕ್ಕಿಂತ ಈ ಕಿಂಡಿಗೆ ಕೊಡುವ ಹಣ ಸಾರ್ಥಕವೆಂದು ನಮ್ಮ ಅಭಿಪ್ರಾಯ. ಜನಜಂಗುಳಿಯ ಲೋಕಲ್ ಗಾಡಿಯಲ್ಲಿ ಸಾಗಿಸುವಾಗ ತೂಕ ಕಡಿಮೆಯಿರುವುದರ ಬೆಲೆಯೂ ತಿಳಿಯುತ್ತದೆ.

ಹಳೆಯದನ್ನು ಕೊಳ್ಳುವವರಿಗೆ

ಹಿಂದೊಬ್ಬರು ಬಳಸಿದ್ದನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಪರೀಕ್ಷೆ ಮಾತ್ರ ಬಿಡಕೂಡದು. ನಿಮ್ಮದೇ ಗಿಟಾರನ್ನು ಒಯ್ಯಿರಿ. ಪ್ರತಿಯೊಂದು ತಿರುಗಣೆಯನ್ನೂ ನಿಧಾನವಾಗಿ ತಿರುಗಿಸಿರಿ. ಚರಚರ ಸದ್ದು ಬಂದರೆ ಒಳಗೆ ಧೂಳೋ ಸವೆತವೋ ಇದೆ. ಇದು ಸಾಮಾನ್ಯವಾಗಿ ದೊಡ್ಡ ರಿಪೇರಿಯಲ್ಲ. ದಪ್ಪ ತಂತಿಯನ್ನು ಮೊದಲು ಮೆಲ್ಲಗೆ, ಅನಂತರ ಜೋರಾಗಿ ಮೀಟಿರಿ. ಮೆಲ್ಲಗೆ ಮೀಟಿದಾಗಲೂ ಪರಪರ ಎಂದರೆ ಸ್ಪೀಕರಿನ ಹಾಳೆ ಹರಿದಿರಬಹುದು. ಅಂಥದನ್ನು ಬಿಡುವುದು ಲೇಸು. ಅಮೆರಿಕದಿಂದ ತಂದ ಪೆಟ್ಟಿಗೆಯಾದರೆ ಹಿಂಬದಿಯ ಬರಹವನ್ನು ಓದಿರಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ನೋಡದೆ ಹಚ್ಚಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಅರ್ತಿಂಗ್: ಪ್ರಾಣದ ಪ್ರಶ್ನೆ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಗಿಟಾರಿನ ಲೋಹದ ತಂತಿಗಳು ಸಾಮಾನ್ಯವಾಗಿ ಕೇಬಲಿನ ಹೊರಕವಚದ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಕೂಡಿಕೊಂಡಿರುತ್ತವೆ. ಅರ್ತಿಂಗ್ ಇಲ್ಲದಿದ್ದಾಗ ಒಳಗೆ ದೋಷವುಂಟಾದರೆ ವಿದ್ಯುತ್ತು ನೇರವಾಗಿ ನುಡಿಸುವವರ ಬೆರಳಿಗೆ ಬರಬಹುದು. ಅವರೇ ಮೈಕಿನ ಮುಂದೆ ಹಾಡುವವರಾದರೆ, ಕೈಯಿಂದ ತುಟಿಗೆ ಹರಿಯುವ ಅಪಾಯವೂ ಉಂಟು. ಗುಂಯ್ ಸದ್ದು ನಿಲ್ಲುತ್ತದೆಂದು ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನನ್ನು ಕತ್ತರಿಸುವವರಿದ್ದಾರೆ. ಎರಡು ಪಿನ್ನಿನ ಜೋಡಣೆಯನ್ನು ನಡುವೆ ಸೇರಿಸುವವರೂ ಇದ್ದಾರೆ. ಇದನ್ನು ಎಂದೂ ಮಾಡಕೂಡದು. ಹಳೆಯ ಚಾಳುಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಒಳಗೆ ಅರ್ತಿಂಗ್ ತಂತಿ ಇರದಿರಬಹುದು. ಬಲ್ಲ ಎಲೆಕ್ಟ್ರಿಶಿಯನ್ನರನ್ನು ಕರೆದು ಪರೀಕ್ಷೆ ಮಾಡಿಸಿರಿ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸಬೇಡಿರಿ.

ಗುಂಯ್ ಸದ್ದಿಗೆ ಬೇರೆ ಉಪಾಯಗಳಿವೆ. ನಮ್ಮ ವಿದ್ಯುತ್ತಿನ ಆವರ್ತನ 50. ದಪ್ಪ ತಂತಿಯ ಮೂರನೆಯ ಮನೆಯ ಸ್ವರ 49. ಅಷ್ಟು ಹತ್ತಿರವಿರುವುದರಿಂದ ಈ ಸದ್ದು ಸ್ವರದೊಳಗೆ ಬೆರೆತು ಕಾಡುತ್ತದೆ. ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರುಗಳಿಂದ ದೂರ ಕುಳಿತು, ಗಿಟಾರಿನ ದಿಕ್ಕನ್ನು ಸ್ವಲ್ಪ ತಿರುಗಿಸಿ, ಒಳ್ಳೆಯ ಕವಚವುಳ್ಳ ಕೇಬಲ್ ಬಳಸಿದರೆ ಬಹುಮಟ್ಟಿಗೆ ತಗ್ಗುತ್ತದೆ.

ನೆರೆಯವರ ನಿದ್ದೆ

2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗಿನ 6. ಆದರೆ ಈ ಅಳತೆಯ ಕ್ರಮ ಮಂದ್ರಸ್ವರವನ್ನು ಕಡಿಮೆಯಾಗಿಯೇ ಎಣಿಸುತ್ತದೆ. ಗೋಡೆಗಳೂ ಅದನ್ನು ಸರಿಯಾಗಿ ತಡೆಯಲಾರವು. ಹೀಗಾಗಿ ಮಾಪಕ ಮಿತಿಯೊಳಗೇ ತೋರಿಸುತ್ತಿದ್ದರೂ ಪಕ್ಕದ ಖೋಲಿಯ ಪಾತ್ರೆಗಳು ನಡುಗುತ್ತಿರಬಹುದು. ಇನ್ನೂ ಒಂದು ಮಾತುಂಟು: ನಮ್ಮ ನೆರೆಯಲ್ಲಿ ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರಿದ್ದಾರೆ. ಅವರ ರಾತ್ರಿ ಯಾವುದೆಂಬುದು ಕಾನೂನಿನಲ್ಲಿ ಬರೆದಿಲ್ಲ. ಅದನ್ನು ನಾವೇ ಕೇಳಿ ತಿಳಿದುಕೊಳ್ಳಬೇಕು.

ಆದ್ದರಿಂದ ಹೆಡ್‌ಫೋನ್ ಕಿಂಡಿಯಿಲ್ಲದ ಪೆಟ್ಟಿಗೆಯನ್ನು ಖೋಲಿವಾಸಿಗಳು ಕೊಳ್ಳಲೇಬಾರದು. ಸ್ಪೀಕರಿನಲ್ಲಿ ನುಡಿಸುವಾಗ ಪೆಟ್ಟಿಗೆಯನ್ನು ಮೂಲೆಯಲ್ಲಿಡಬೇಡಿರಿ. ಮೂಲೆಯಲ್ಲಿ ಮಂದ್ರಸ್ವರ ಉಬ್ಬಿ ಗೊಂದಲವಾಗುತ್ತದೆ. ನೆಲದ ಬದಲು ಗಟ್ಟಿಯಾದ ಸ್ಟೂಲಿನ ಮೇಲೆ, ಕೆಳಗೆ ದಪ್ಪ ಚಾಪೆ ಮಡಿಸಿಟ್ಟು, ನಿಮ್ಮ ಕಿವಿಯತ್ತ ತಿರುಗಿಸಿರಿ. ಆಗ ಕಡಿಮೆ ಧ್ವನಿಯಲ್ಲೇ ನಿಮಗೆ ಸ್ಪಷ್ಟವಾಗಿ ಕೇಳುತ್ತದೆ, ಕೆಳಗಿನ ಮನೆಯವರಿಗೂ ನೆಮ್ಮದಿ.

ಅಂಗಡಿಗೆ ಹೊರಡುವವರು ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಲಿ. ಎಲ್ಲಿ ನುಡಿಸುತ್ತೇನೆ? ಹೆಡ್‌ಫೋನ್ ಕಿಂಡಿ ಇದೆಯೇ? ಮಿಕ್ಸರಿಗೆ ಕೊಡುವ ಕಿಂಡಿ ಇದೆಯೇ? ಒಬ್ಬನೇ ಹೊರಬಲ್ಲೆನೇ? ನನ್ನ ಖೋಲಿಯಲ್ಲಿ ಅರ್ತಿಂಗ್ ಸರಿಯಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲವೆಂದಾದರೆ ಮೊದಲು ಆ ರಿಪೇರಿಗೆ ಹಣ ಕೊಡಿರಿ. ಆಂಪ್ಲಿಫೈಯರ್ ಮುಂದಿನ ತಿಂಗಳು ಬರಲಿ.