ಮೀನಿನ ಹೇನಿಗೆ ಬೆಳೆಯ ಔಷಧಿ ಬೇಡ

ಬೈರಾಪಟ್ಟಣದ ಕಡೆಯ ರೈತರಿಗೆ ರೇಷ್ಮೆ ಹೊಸದಲ್ಲ. ಹಿಪ್ಪುನೇರಳೆ ಸೊಪ್ಪಿಗೆ ತಾಕಿದ ಅಲ್ಪ ಕೀಟನಾಶಕವೂ ಹುಳುವಿನ ಮನೆಯನ್ನೇ ಬರಿದು ಮಾಡಬಲ್ಲದೆಂಬುದನ್ನು ಅವರು ಬಲ್ಲರು. ಆದರೆ ಕೃಷಿಹೊಂಡದಲ್ಲಿ ಮೀನು ಸಾಕುವಾಗ ಈ ಎಚ್ಚರಿಕೆ ಮರೆತುಹೋಗುವುದುಂಟು.

ಹೇನಿನ ಗುರುತು: ಆರ್ಗ್ಯುಲಸ್ ಎಂಬ ಮೀನಿನ ಹೇನು ಚಪ್ಪಟೆಯಾಗಿ, ಬರಿಗಣ್ಣಿಗೆ ಕಾಣುವಂತಿರುತ್ತದೆ. ಇದು ಕಾಟ್ಲಾ, ರೋಹು ಮೀನುಗಳ ಮೈಗಂಟಿ ರಕ್ತ ಹೀರುತ್ತದೆ. ಮೀನು ದಡಕ್ಕೆ ಮೈ ಉಜ್ಜುತ್ತದೆ, ಮೈಮೇಲೆ ಕೆಂಪು ಗಾಯಗಳಾಗುತ್ತವೆ, ಬೆಳವಣಿಗೆ ಕುಗ್ಗುತ್ತದೆ.

ಔಷಧಿಯಿಂದಾಗುವ ಹಾನಿ: ಹೇನು ಸೀಗಡಿ, ಏಡಿಗಳ ಬಳಗದ ಜೀವಿ. ಕಾಟ್ಲಾ ತಿನ್ನುವ ತೇಲುವ ಸೂಕ್ಷ್ಮ ಪ್ರಾಣಿಗಳಲ್ಲಿ ಹಲವು ಇದೇ ಬಳಗದವು. ಹೇನನ್ನು ಕೊಲ್ಲಲು ಸುರಿದ ಸೈಪರ್‌ಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಮೀನಿನ ಆಹಾರವನ್ನೂ ಕೊಲ್ಲುತ್ತದೆ. ಪ್ರಮಾಣ ಹೆಚ್ಚಾದರೆ ಮೀನೇ ಸಾಯುತ್ತದೆ. ಔಷಧಿ ಕೆಸರಿಗೂ ಅಂಟಿ ಉಳಿಯುತ್ತದೆ. ಅದೇ ನೀರನ್ನು ಹಿಪ್ಪುನೇರಳೆ ಸೊಪ್ಪಿನ ಮೇಲೆ ಸಿಂಪಡಿಸಿದರೆ ರೇಷ್ಮೆಗೂ ಅಪಾಯ.

ಪರದೇಶದ ಪಾಠ: ನಾರ್ವೆ, ಸ್ಕಾಟ್ಲೆಂಡ್, ಚಿಲಿ ದೇಶಗಳಲ್ಲಿ ಸಮುದ್ರದ ಬಲೆಪಂಜರಗಳಲ್ಲಿ ಸಾಲ್ಮನ್ ಸಾಕುತ್ತಾರೆ. ಅಲ್ಲಿ ಹೇನಿಗೆ ಇಂಥ ಔಷಧಿಗಳನ್ನೇ ಬಳಸಿದರು. ಮೇವಿನಲ್ಲಿ ಕೊಟ್ಟ ಎಮಾಮೆಕ್ಟಿನ್ ಪಂಜರದಡಿಯ ಕೆಸರು ಸೇರಿತು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಬಳಸಿದ್ದರಿಂದ ಹೇನು ಅದಕ್ಕೆ ಜಗ್ಗದಾಯಿತು. ಹರಿಯುವ ಸಮುದ್ರದಲ್ಲೇ ಹೀಗಾದರೆ, ನಿಂತ ಹೊಂಡದ ಗತಿಯೇನು? ಅಲ್ಲಿ ಹಿಂದೆ ಬಳಸುತ್ತಿದ್ದ ಡೈಕ್ಲೋರ್ವಾಸ್ ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿತವಾಗಿದೆ. ಮನೆಯಲ್ಲಿ ಹಳೆಯ ಬಾಟಲಿ ಉಳಿದಿದ್ದರೆ ಹೊಂಡಕ್ಕೆ ಸುರಿಯಬಾರದು.

ಹತೋಟಿ ಕ್ರಮಗಳು:

1. ಮರಿಗಳನ್ನು ಬಿಡುವ ಮುನ್ನ ಕೆಲವನ್ನು ಹಿಡಿದು ಪರೀಕ್ಷಿಸಿರಿ. ಹೇನಿರುವ ಮರಿ ಬೇಡ.

2. ಹೇನು ಕಲ್ಲು, ಕಡ್ಡಿಗಳ ಮೇಲೆ ಮೊಟ್ಟೆಯಿಡುತ್ತದೆ. ಬಿದಿರು ಗಳುಗಳನ್ನು ಅಲ್ಲಲ್ಲಿ ನೆಟ್ಟು, ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ ಮತ್ತೆ ನೆಡಿರಿ. ಮೊಟ್ಟೆಗಳು ಒಣಗಿ ಸಾಯುತ್ತವೆ.

3. ಮೀನು ಒತ್ತೊತ್ತಾಗಿ ಬಿಡಬೇಡಿರಿ. ಹೆಚ್ಚು ಗೊಬ್ಬರವನ್ನೂ ಸುರಿಯಬೇಡಿರಿ.

4. ಮೀನು ಹಿಡಿದ ಬಳಿಕ ನೀರು ಬಸಿದು, ತಳ ಬಿರಿಯುವವರೆಗೆ ಒಣಗಿಸಿರಿ. ಮಣ್ಣಿನ ತಳದ ಹೊಂಡಕ್ಕೆ ಎಕರೆಗೆ 80ರಿಂದ 100 ಕೆ.ಜಿ. ಸುಣ್ಣ ಹರಡಿರಿ.

5. ಔಷಧಿ ಸಿಂಪಡಿಸಿದ ಪಂಪನ್ನು ಹೊಂಡದಲ್ಲಿ ತೊಳೆಯಬೇಡಿರಿ.

ಇಷ್ಟಾದರೂ ಹೇನು ಹತೋಟಿಗೆ ಬಾರದಿದ್ದರೆ ಅಂಗಡಿಗೆ ಹೋಗುವ ಮುನ್ನ ತಾಲ್ಲೂಕಿನ ಮೀನುಗಾರಿಕೆ ಅಧಿಕಾರಿಗಳನ್ನು ಕಾಣಿರಿ. ಹೇನು ಹೋದರೆ ಸಾಲದು. ಹೊಂಡದ ನೀರು ಮೀನಿಗೂ, ದನಕ್ಕೂ, ಸೊಪ್ಪಿಗೂ ಉಳಿಯಬೇಕು.