ಬೀಪ್ ಎಲ್ಲಿಂದ ಬಂತು? ‘ಶಬ್ದ’ ಘಟಕದಲ್ಲಿ ಒಂದು ದೋಷಪತ್ತೆ ಚಟುವಟಿಕೆ

ವಿಷಯ: ವಿಜ್ಞಾನ
ತರಗತಿ: 8
ಘಟಕ: ಶಬ್ದ
ಉಪಘಟಕ: ಆವೃತ್ತಿ, ಗಟ್ಟಿತನ, ಕೇಳಬಹುದಾದ ಶಬ್ದದ ವ್ಯಾಪ್ತಿ
ಅವಧಿ: 40 ನಿಮಿಷಗಳ ಎರಡು ಅವಧಿಗಳು
ವಿಧಾನ: ಗುಂಪು ಚಟುವಟಿಕೆ, ಪ್ರಯೋಗ, ಚರ್ಚೆ

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನಮ್ಮ ತಂಡವನ್ನು ಅಬ್ಬಿಗೆರೆಯ ಒಂದು ಪ್ರೌಢಶಾಲೆಗೆ ಕಳುಹಿಸಲಾಗಿತ್ತು. ‘ಶಬ್ದ’ ಘಟಕದ ಎರಡನೇ ಪಾಠಕ್ಕೆ ಕಂಪ್ಯೂಟರ್ ಕೊಠಡಿಯನ್ನು ಕೇಳಿ ಪಡೆದಿದ್ದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ ಬೇರೆ ಬೇರೆ ಆವೃತ್ತಿಯ ಶಬ್ದಗಳನ್ನು ಕೇಳಿಸುವುದು, ಕೇಳಿದ್ದನ್ನು ಮಕ್ಕಳೇ ಟೆಕ್ಸ್ಟ್ ಎಡಿಟರ್‌ನಲ್ಲಿ ದಾಖಲಿಸುವುದು ನನ್ನ ಯೋಜನೆಯಾಗಿತ್ತು. ಆ ಕೊಠಡಿಯಲ್ಲಿ ಸ್ಪೀಕರ್ ಜೋಡಿಸಿದ್ದ ಕಂಪ್ಯೂಟರ್ ಒಂದೇ. ಅದರಲ್ಲಿ ಇದ್ದುದು ಉಬುಂಟು.

ಪಾಠ ಆರಂಭವಾಗಿ ಹತ್ತು ನಿಮಿಷವಾಗಿರಲಿಲ್ಲ. ಸ್ಪೀಕರ್‌ನಿಂದ ಬೀಪ್, ಬೀಪ್, ಬೀಪ್ ಎಂದು ಒಂದೇ ಸಮನೆ ಶಬ್ದ ಬರತೊಡಗಿತು. ತರಗತಿ ನಕ್ಕಿತು. ಕೀಬೋರ್ಡ್ ಮುಂದೆ ಕುಳಿತಿದ್ದ ಹುಡುಗನಿಗೆ “ಸುಮ್ಮನೆ ಕೀ ಒತ್ತಬೇಡ” ಎಂದು ಗದರಿದೆ. “ನಾನೇನೂ ಮಾಡ್ತಿಲ್ಲ ಮಿಸ್” ಎಂದು ಅವನು ಎರಡೂ ಕೈ ಎತ್ತಿ ತೋರಿಸಿದ. ನಾನು ನಂಬಲಿಲ್ಲ. ಅವನನ್ನು ಹಿಂದಿನ ಬೆಂಚಿಗೆ ಕಳುಹಿಸಿ, ನಾನೇ ಕುಳಿತು ಟೈಪ್ ಮಾಡತೊಡಗಿದೆ. ಬೀಪ್ ನಿಂತಿತು. ನನ್ನ ಅನುಮಾನವೇ ಸರಿ ಎನಿಸಿತು. ಐದು ನಿಮಿಷದ ನಂತರ, ನಾನೇ ಕುಳಿತಿದ್ದಾಗ, ಬೀಪ್ ಮತ್ತೆ ಶುರುವಾಯಿತು.

ಕೊಠಡಿ ನೋಡಿಕೊಳ್ಳುವ ಶಿಕ್ಷಕರು “ಆನ್‌ಬೋರ್ಡ್ ಸೌಂಡ್ ಹೋಗಿರಬೇಕು, ಮದರ್‌ಬೋರ್ಡೇ ಬದಲಾಯಿಸಬೇಕಾಗುತ್ತೆ” ಎಂದರು. ಹಾಗಾದರೆ ಆ ಕಂಪ್ಯೂಟರ್ ರಿಪೇರಿಗೆ ಹೋಗಿ, ಈ ಮಕ್ಕಳ ವರ್ಷ ಮುಗಿಯುವ ಮುನ್ನ ವಾಪಸ್ ಬರುವುದು ಅನುಮಾನ. ಮರುದಿನದ ಅವಧಿಗೆ ಆ ದೋಷವನ್ನೇ ಪಾಠವಾಗಿ ಮಾಡಿಕೊಳ್ಳಲು ಅನುಮತಿ ಕೇಳಿದೆ. ಈ ಲೇಖನ ಆ ಪಾಠದ ವರದಿ.

ಕಲಿಕೆಯ ಉದ್ದೇಶಗಳು

1. ಶಬ್ದದ ಆಕರವನ್ನು ವೀಕ್ಷಣೆ ಮತ್ತು ಪ್ರಯೋಗದಿಂದ ಗುರುತಿಸುವುದು.
2. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸುವುದು.
3. ಕೇಳಿದ ಶಬ್ದಗಳನ್ನು ಆವೃತ್ತಿಯ ಆಧಾರದಲ್ಲಿ ಹೋಲಿಸುವುದು.
4. ವಿದ್ಯುತ್ ಉಪಕರಣಗಳನ್ನು ಸುರಕ್ಷಿತವಾಗಿ ಬಳಸುವುದು.

ಬೇಕಾದ ಸಾಮಗ್ರಿ

ಸ್ಪೀಕರ್ ಇರುವ ಕಂಪ್ಯೂಟರ್, ಇನ್ನೊಂದು ಯುಎಸ್‌ಬಿ ಕೀಬೋರ್ಡ್, ಮೃದುವಾದ ಬ್ರಷ್, ದಾಖಲೆ ಹಾಳೆ. ಹಾಳೆಯಲ್ಲಿ ಮೂರು ಕಲಂ ಸಾಕು: ಏನು ಬದಲಿಸಿದೆವು, ಏನು ಕೇಳಿಸಿತು, ಇದರಿಂದ ಏನು ತಿಳಿಯಿತು.

ಪಾಠದ ಹೆಜ್ಜೆಗಳು

ಹೆಜ್ಜೆ 1: ಮೊದಲು ಕೇಳುವುದು

ಯಾರೂ ಏನನ್ನೂ ಮುಟ್ಟದೆ ಮೂರು ನಿಮಿಷ ಕೇಳಿ, ಕೇಳಿಸಿದ್ದನ್ನು ಬರೆಯಲು ಹೇಳಿದೆ. ಬೀಪ್ ಬರಲೆಂದು ಅದಕ್ಕೂ ಮೊದಲು ಹಿಂದಿನ ದಿನದಂತೆಯೇ ಟೈಪ್ ಮಾಡಿ, ಅಳಿಸಿ, ಎಡಿಟರ್‌ನ ಖಾಲಿ ಪುಟವನ್ನು ತೆರೆದಿಟ್ಟಿದ್ದೆ. ಒಂದು ಗುಂಪಿನ ಹಾಳೆಯಲ್ಲಿ ನಾನು ಗಮನಿಸದೇ ಇದ್ದ ವಿಷಯವಿತ್ತು: “ಎರಡು ಥರ ಶಬ್ದ ಇದೆ. ಒಂದು ಬೀಪ್. ಇನ್ನೊಂದು ಆಗಾಗ ಟರ್‌ಟರ್, ಟರ್‌ಟರ್.” ಹಿಂದಿನ ದಿನ ನಾನು ಎರಡನ್ನೂ ಸೇರಿಸಿ ‘ಬೀಪ್’ ಎಂದೇ ಕರೆದಿದ್ದೆ.

ಹೆಜ್ಜೆ 2: ಎಲ್ಲಿಂದ ಬರುತ್ತಿದೆ?

ಕಣ್ಣು ಮುಚ್ಚಿ, ಶಬ್ದ ಬರುವ ಕಡೆಗೆ ಬೆರಳು ತೋರಿಸಲು ಹೇಳಿದೆ. ಎಲ್ಲರ ಬೆರಳೂ ಸ್ಪೀಕರ್ ಕಡೆಗಿತ್ತು. ಈ ಹೆಜ್ಜೆಯನ್ನು ಬಿಡಬಾರದು, ಏಕೆಂದರೆ ಕಂಪ್ಯೂಟರ್ ಬಳಿ ಬೀಪ್ ಮಾಡುವ ಜಾಗ ಮೂರಿವೆ. ಕರೆಂಟ್ ಹೋದಾಗ ಯುಪಿಎಸ್ ಬೀಪ್ ಮಾಡುತ್ತದೆ. ಸ್ವಿಚ್ ಒತ್ತಿದ ಕೂಡಲೇ ಕ್ಯಾಬಿನೆಟ್ ಒಳಗಿನ ಪುಟ್ಟ ಬಜರ್ ಬೀಪ್ ಮಾಡಿದರೆ, ಅದು ಮದರ್‌ಬೋರ್ಡ್ ತನ್ನನ್ನು ತಾನು ಪರೀಕ್ಷಿಸಿಕೊಂಡು ಹೇಳುವ ಸಂದೇಶ. ಉದ್ದ ಎಷ್ಟು, ಗಿಡ್ಡ ಎಷ್ಟು ಎಂದು ಎಣಿಸಿ, ಆ ಮದರ್‌ಬೋರ್ಡಿನ ಕೈಪಿಡಿಯಲ್ಲಿ ಅರ್ಥ ನೋಡಬೇಕು. ತಯಾರಕರು ಬದಲಾದಂತೆ ಅರ್ಥವೂ ಬದಲಾಗುತ್ತದೆ. ಈ ಎರಡಕ್ಕೂ ಆನ್‌ಬೋರ್ಡ್ ಸೌಂಡ್‌ಗೂ ಸಂಬಂಧವಿಲ್ಲ. ಆನ್‌ಬೋರ್ಡ್ ಸೌಂಡ್‌ನ ಶಬ್ದ ಹಸಿರು ಜಾಕ್‌ನ ಮೂಲಕ ಸ್ಪೀಕರ್‌ಗೆ ಬರುವುದು ಮಾತ್ರ.

ಹೆಜ್ಜೆ 3: ಮ್ಯೂಟ್ ಮಾಡುವುದು

ಪರದೆಯ ಮೇಲಿನ ಧ್ವನಿ ಗುರುತನ್ನು ಮ್ಯೂಟ್ ಮಾಡಿದೆವು. ಬೀಪ್ ನಿಂತಿತು. ಟರ್‌ಟರ್ ನಿಲ್ಲಲಿಲ್ಲ. ಎರಡಕ್ಕೂ ಕಾರಣ ಬೇರೆ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಯಿತು. ಮ್ಯೂಟ್‌ಗೆ ಬಗ್ಗುವ ಶಬ್ದವನ್ನು ಕಂಪ್ಯೂಟರೇ ನುಡಿಸುತ್ತಿದೆ. ಬಗ್ಗದಿರುವುದು ಮುಂದಿನ ದಾರಿಯಲ್ಲೆಲ್ಲೋ ಸೇರಿಕೊಳ್ಳುತ್ತಿದೆ.

ಹೆಜ್ಜೆ 4: ಪಿನ್ ತೆಗೆಯುವುದು

ಸ್ಪೀಕರ್ ವಾಲ್ಯೂಮ್ ಕಡಿಮೆ ಮಾಡಿ, ಹಸಿರು ಜಾಕ್‌ನಿಂದ ಪಿನ್ ತೆಗೆದೆವು. ಸ್ವಲ್ಪ ಹೊತ್ತಿಗೆ ಮತ್ತೆ ಟರ್‌ಟರ್. ಈಗ ಸ್ಪೀಕರ್‌ಗೆ ಕಂಪ್ಯೂಟರಿನ ಸಂಪರ್ಕವೇ ಇಲ್ಲ. ಆದ್ದರಿಂದ ಈ ಶಬ್ದದ ತಪ್ಪು ಕಂಪ್ಯೂಟರಿನದಲ್ಲ. “ಸ್ಪೀಕರ್ ಪಕ್ಕ ಏನೇನಿದೆ?” ಎಂದು ಕೇಳಿದೆ. “ನಿಮ್ಮ ಫೋನಿದೆ ಮಿಸ್” ಎಂಬ ಉತ್ತರ ಬಂತು.

ಅದು ನನ್ನ ಕೀಪ್ಯಾಡ್ ಫೋನ್. 2ಜಿ ಜಾಲದಲ್ಲಿ ಕೆಲಸ ಮಾಡುತ್ತದೆ. 2ಜಿ ಫೋನ್ ರೇಡಿಯೋ ಅಲೆಯನ್ನು ನಿರಂತರವಾಗಿ ಕಳುಹಿಸದೆ, ಸೆಕೆಂಡಿಗೆ ಸುಮಾರು 217 ಬಾರಿ ಬಿಟ್ಟು ಬಿಟ್ಟು ಕಳುಹಿಸುತ್ತದೆ. ರೇಡಿಯೋ ಅಲೆ ಕಿವಿಗೆ ಕೇಳಿಸದು. ಆದರೆ ಸ್ಪೀಕರ್‌ನ ತಂತಿ ಮತ್ತು ಆಂಪ್ಲಿಫೈಯರ್ ಅದನ್ನು ಹಿಡಿದಾಗ ಆ 217ರ ಬಡಿತ ಶಬ್ದವಾಗಿ ಹೊರಬರುತ್ತದೆ. ಫೋನನ್ನು ಕಿಟಕಿಯ ಬಳಿ ಇಟ್ಟೆವು, ನಿಂತಿತು. ಮತ್ತೆ ಸ್ಪೀಕರ್ ಪಕ್ಕ ಇಟ್ಟು ಶಿಕ್ಷಕರ ಫೋನಿನಿಂದ ಕರೆ ಮಾಡಿದೆವು. ರಿಂಗ್ ಆಗುವುದಕ್ಕೆ ಮುಂಚೆಯೇ ಟರ್‌ಟರ್ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು.

ಹೆಜ್ಜೆ 5: ಉಳಿದ ಬೀಪ್

ಪಿನ್ ಹಾಕಿ ಮ್ಯೂಟ್ ತೆಗೆದೆವು. ಬೀಪ್ ಮರಳಿತು. ಮೌಸ್ ತೆಗೆದೆವು, ಬೀಪ್ ಇತ್ತು. ಮೌಸ್ ಮತ್ತೆ ಹಾಕಿ ಕೀಬೋರ್ಡ್ ತೆಗೆದೆವು, ನಿಂತಿತು. ಬೇರೆ ಕೀಬೋರ್ಡ್ ಹಾಕಿದೆವು. ಟೈಪ್ ಮಾಡಿದರೂ ಅಳಿಸಿದರೂ ಬೀಪ್ ಇಲ್ಲ. ನಾನು ಪಾಠ ಮುಗಿಸುವುದರಲ್ಲಿದ್ದೆ. ಅವಲೋಕನಕ್ಕೆ ಬಂದಿದ್ದ ನಮ್ಮ ಉಪನ್ಯಾಸಕರು ಹಿಂದಿನಿಂದ “ಹಳೇ ಕೀಬೋರ್ಡ್ ವಾಪಸ್ ಹಾಕಿ ನೋಡಿದ್ರಾ?” ಎಂದು ಕೇಳಿದರು.

ಹಾಕಿದೆವು. ಮೌನ. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ನಮ್ಮ ತೀರ್ಮಾನವೇ ತಪ್ಪೇನೋ ಎನಿಸಿತು. ಆಗ ಒಬ್ಬ ಹುಡುಗಿ ತನ್ನ ಹೆಸರನ್ನು ಟೈಪ್ ಮಾಡಿ ಅಳಿಸಿದಳು. ಬೀಪ್ ಶುರುವಾಯಿತು. ಪಕ್ಕದ ಕಿಟಕಿಯಲ್ಲಿ ಹಿಂದಿನ ದಿನದ ದಾಖಲೆ ತೆರೆದೇ ಇತ್ತು. ಮೌಸ್‌ನಿಂದ ಅದರ ಒಂದು ಸಾಲಿನ ಕೊನೆಯಲ್ಲಿ ಕ್ಲಿಕ್ ಮಾಡಿದೆ. ಯಾರೂ ಕೀಬೋರ್ಡ್ ಮುಟ್ಟದೆಯೇ ಅಕ್ಷರಗಳು ಒಂದೊಂದಾಗಿ ಅಳಿಯುತ್ತಾ ಹೋದವು.

ಬ್ಯಾಕ್‌ಸ್ಪೇಸ್ ಕೀ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಅಕ್ಷರದ ಕೀ ಸಿಕ್ಕಿಕೊಂಡರೆ ಪರದೆಯಲ್ಲಿ ಅಕ್ಷರಗಳ ಸಾಲು ಕಾಣುತ್ತದೆ. ಖಾಲಿ ಪುಟದಲ್ಲಿ ಬ್ಯಾಕ್‌ಸ್ಪೇಸ್ ಯಾವ ಗುರುತನ್ನೂ ಬಿಡುವುದಿಲ್ಲ. ಅಳಿಸಲು ಏನೂ ಇಲ್ಲ ಎಂದು ಕಂಪ್ಯೂಟರ್ ಬೀಪ್ ಮಾಡುತ್ತದೆ, ಅಷ್ಟೇ. ಹಿಂದಿನ ದಿನ ನಾನು ಕುಳಿತ ಕೂಡಲೇ ಬೀಪ್ ನಿಂತದ್ದಕ್ಕೂ ಕಾರಣ ಸಿಕ್ಕಿತು. ಒಂದು ಕೀ ಸಿಕ್ಕಿಕೊಂಡಿರುವಾಗ ಇನ್ನೊಂದು ಕೀ ಒತ್ತಿದರೆ ಮೊದಲನೆಯದರ ಪುನರಾವರ್ತನೆ ನಿಲ್ಲುತ್ತದೆ. ಬೀಪ್ ನಿಂತದ್ದು ಹುಡುಗ ಎದ್ದು ಹೋದದ್ದರಿಂದಲ್ಲ, ನಾನು ಬೇರೆ ಕೀ ಒತ್ತಿದ್ದರಿಂದ.

ಕಂಪ್ಯೂಟರ್ ಆಫ್ ಮಾಡಿ, ಕೀಬೋರ್ಡನ್ನು ಮಗುಚಿ ಮೆಲ್ಲಗೆ ತಟ್ಟಿ, ಬ್ರಷ್‌ನಿಂದ ಕೀ ಸಂದಿಯನ್ನು ಗುಡಿಸಿದೆವು. ಉದುರಿದ್ದು ಹೆಚ್ಚಾಗಿ ಸೀಮೆಸುಣ್ಣದ ಪುಡಿ. ಮದರ್‌ಬೋರ್ಡ್ ಬದಲಾಯಿಸುವ ಮಾತು ಅಲ್ಲಿಗೆ ನಿಂತಿತು.

ವಿಸ್ತರಣೆ

ಆಡಾಸಿಟಿಯಲ್ಲಿ 100, 217 ಮತ್ತು 1000 ಹರ್ಟ್ಜ್‌ನ ಶಬ್ದಗಳನ್ನು ನುಡಿಸಿ, ಯಾವುದು ಯಾವುದನ್ನು ಹೋಲುತ್ತದೆ ಎಂದು ಕೇಳಿದೆ. ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಜ್. ಸ್ಪೀಕರ್‌ನ ‘ಗುಂಯ್’ ಸದ್ದು ಸಾಮಾನ್ಯವಾಗಿ 50 ಅಥವಾ 100ರದ್ದು. ಫೋನಿನದು 217ರದ್ದು. ಹಳೆಯ ಕಂಪ್ಯೂಟರುಗಳ ಬೀಪ್ ಸಾವಿರದ ಆಸುಪಾಸಿನದು. ಮೂರೂ 20ರಿಂದ 20,000 ಹರ್ಟ್ಜ್ ವ್ಯಾಪ್ತಿಯೊಳಗೇ ಇರುವುದರಿಂದ ನಮಗೆ ಕೇಳಿಸುತ್ತವೆ.

ಬೀಪ್ ಹುಟ್ಟುವ ಲೆಕ್ಕವನ್ನೂ ಮಾಡಿಸಿದೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಒಳಗೆ ಸಣ್ಣ ಸ್ಪೀಕರ್ ಇತ್ತು. ಸೆಕೆಂಡಿಗೆ ಸುಮಾರು 11,93,182 ಬಾರಿ ಮಿಡಿಯುವ ಗಡಿಯಾರ ಸಂಕೇತವನ್ನು ಭಾಗಿಸಿ ಅದಕ್ಕೆ ಕೊಡುತ್ತಿದ್ದರು. 1193ರಿಂದ ಭಾಗಿಸಿದರೆ ಎಷ್ಟು? ಮಕ್ಕಳು ಭಾಗಿಸಿದರು, ಸುಮಾರು 1000 ಹರ್ಟ್ಜ್. ಆ ಕಾಲದ ಪಿಸಿಯಲ್ಲಿ ಕೀಬೋರ್ಡಿನ ಸಂಗ್ರಹದಲ್ಲಿ 15 ಒತ್ತುಗಳಿಗಷ್ಟೇ ಜಾಗ. ತುಂಬಿದರೆ ಬೀಪ್.

ಅದಕ್ಕೂ ಹಿಂದೆ ಟೆಲಿಪ್ರಿಂಟರುಗಳಲ್ಲಿ ನಿಜವಾದ ಗಂಟೆಯೇ ಇತ್ತು. ಆಸ್ಕಿ ಸಂಕೇತಪಟ್ಟಿಯಲ್ಲಿ ಆ ಗಂಟೆ ಬಾರಿಸುವ 7ನೇ ಸಂಕೇತವನ್ನು ಬಿ, ಇ, ಎಲ್ ಎಂಬ ಮೂರು ಅಕ್ಷರಗಳಿಂದ ಬರೆಯುತ್ತಾರೆ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯನ್ನು ದಿನವೂ ನೋಡುವ ಮಕ್ಕಳಿಗೆ ಇದು ಮರೆಯುವ ಮಾತಲ್ಲ.

ಅಬ್ಬಿಗೆರೆಯ ಸಣ್ಣ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ತಂದೆಯಂದಿರು ಈ ತರಗತಿಯಲ್ಲಿ ಹಲವರಿದ್ದಾರೆ. ‘ಗುಂಯ್’ ಸದ್ದಿನ ಮಾತು ಬಂದಾಗ ಒಬ್ಬ, “ನಮ್ಮಪ್ಪ ಹೇಳ್ತಾರೆ, ಮಷಿನ್‌ಗೆ ಅರ್ಥಿಂಗ್ ಸರಿ ಇರಬೇಕು ಅಂತ” ಎಂದ. ಕಂಪ್ಯೂಟರಿಗೂ ಅದೇ ಮಾತು. ಸದ್ದು ಹೋಗಲೆಂದು ಪ್ಲಗ್‌ನ ಮೂರನೇ ಪಿನ್ ಕತ್ತರಿಸುವುದು ಜೀವಕ್ಕೆ ಅಪಾಯ ಎಂದು ಒತ್ತಿ ಹೇಳಿದೆ.

ಸುರಕ್ಷತೆ

ಯುಎಸ್‌ಬಿ ಕೀಬೋರ್ಡನ್ನು ಕಂಪ್ಯೂಟರ್ ಆನ್ ಇದ್ದಾಗಲೂ ತೆಗೆಯಬಹುದು. ಹಳೆಯ ದುಂಡು ಪಿನ್ನಿನದಾದರೆ ಆಫ್ ಮಾಡಿಯೇ ತೆಗೆಯಬೇಕು. ಕ್ಯಾಬಿನೆಟ್, ಯುಪಿಎಸ್ ಇವುಗಳನ್ನು ಮಕ್ಕಳು ತೆರೆಯಬಾರದು.

ಮೌಲ್ಯಮಾಪನ

1. ಮ್ಯೂಟ್ ಮಾಡಿದರೂ ಸ್ಪೀಕರ್ ಸದ್ದು ನಿಲ್ಲದಿದ್ದರೆ ನಿನ್ನ ಮುಂದಿನ ಹೆಜ್ಜೆ ಯಾವುದು? ಏಕೆ?
2. ಕೀಬೋರ್ಡ್ ಮತ್ತು ಸ್ಪೀಕರ್ ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ನಮಗೆ ಏನು ತಿಳಿಯುತ್ತಿರಲಿಲ್ಲ?
3. ವಾಲ್ಯೂಮ್ ಕಡಿಮೆ ಮಾಡಿದಾಗ ಬದಲಾಗುವುದು ಗಟ್ಟಿತನವೋ ಆವೃತ್ತಿಯೋ?

ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಎರಡನೆಯದಕ್ಕೆ ಇನ್ನೊಂದು ಉದಾಹರಣೆ ಬೇಕಾಯಿತು.

ಸ್ವಾವಲೋಕನ

ಹುಡುಗ ಎದ್ದ, ಬೀಪ್ ನಿಂತಿತು, ಆದ್ದರಿಂದ ಅವನೇ ಕಾರಣ ಎಂದು ನಾನು ತೀರ್ಮಾನಿಸಿದ್ದೆ. ಒಂದೇ ಕ್ಷಣದಲ್ಲಿ ಎರಡು ಅಂಶಗಳು ಬದಲಾಗಿದ್ದವು: ಅವನು ಎದ್ದದ್ದು ಮತ್ತು ನಾನು ಟೈಪ್ ಮಾಡಿದ್ದು. ನಾನು ನೋಡಿದ್ದು ಒಂದನ್ನೇ. ಮಕ್ಕಳಿಗೆ ಕಲಿಸಬೇಕಿದ್ದ ನಿಯಮವನ್ನು ನಾನೇ ಮುರಿದಿದ್ದೆ.

ಎರಡನೇ ದಿನ ತರಗತಿಯ ಮುಂದೆಯೇ ಅವನಿಗೆ “ನೀನು ಹೇಳಿದ್ದು ನಿಜ, ನಿನ್ನೆ ಗದರಿದ್ದು ನನ್ನ ತಪ್ಪು” ಎಂದೆ. ಅವನು ತಲೆ ತಗ್ಗಿಸಿ “ಪರವಾಗಿಲ್ಲ ಮಿಸ್” ಎಂದ. ದಾಖಲೆ ಹಾಳೆಯನ್ನು ಓದಲು ಯಾರು ಬರುತ್ತೀರಿ ಎಂದು ಕೇಳಿದಾಗ ಮಾತ್ರ ಕೈ ಎತ್ತಲಿಲ್ಲ. ಮೂರನೇ ದಿನ ಎತ್ತಿದ. ಮುಂದಿನ ಪಾಠಯೋಜನೆಯ ಮೇಲ್ಭಾಗದಲ್ಲಿ ಒಂದು ಸಾಲು ಬರೆದುಕೊಂಡಿದ್ದೇನೆ: ಗದರುವ ಮೊದಲು ಒಂದು ಪರೀಕ್ಷೆ.